ಹಿನ್ನೀರಿನ ದೋಣಿಗೆ ಎರಡನೆಯ ಬ್ಯಾಟರಿ

ನಮ್ಮ ದೋಣಿಯಲ್ಲಿ ಹಾಡು ಹಾಕುವುದು ಶೋಕಿಗಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ತಮ್ಮ ತೀರಿಕೊಂಡು ಮೂರು ತಿಂಗಳಾಗಿಲ್ಲ, ಅಣ್ಣನಾದವನು ಆಂಪ್ಲಿಫೈಯರ್ ಹುಡುಕುತ್ತ ಊರೂರು ತಿರುಗುತ್ತಾನೆ ಎಂದು ಕೆಲವರು ಆಡಿಕೊಂಡರು. ಅವರ ಮೇಲೆ ನನಗೆ ಸಿಟ್ಟಿಲ್ಲ. ನೋಡುವವರಿಗೆ ಅದು ಹಾಗೆಯೇ ಕಂಡಿರಬೇಕು.

ನಮ್ಮ ಊರು ಹಗರಿಬೊಮ್ಮನಹಳ್ಳಿ ತಾಲ್ಲೂಕಿನಲ್ಲಿ, ತುಂಗಭದ್ರೆಯ ಹಿನ್ನೀರಿನ ದಂಡೆಯಲ್ಲಿದೆ. ಜನರನ್ನು ಈ ದಂಡೆಯಿಂದ ಆ ದಂಡೆಗೆ ದಾಟಿಸುವುದು ಅಪ್ಪ ಬಿಟ್ಟುಹೋದ ಕೆಲಸ. ನಾನು ದೋಣಿ ನಡೆಸುತ್ತಿದ್ದೆ. ತಮ್ಮ ಎಂಜಿನ್ನು, ವೈರು, ಹಾಡು ಎಲ್ಲ ನೋಡಿಕೊಳ್ಳುತ್ತಿದ್ದ. ಹಿನ್ನೀರಿಗೆ ಇದೇ ದಂಡೆ ಎಂದು ಗೆರೆ ಎಳೆದು ಹೇಳುವ ಹಾಗಿಲ್ಲ. ಮಳೆಗಾಲ ಮುಗಿದಾಗ ನೀರು ಶಾಲೆಯ ಕೆಳಗಿನ ಹೊಲಕ್ಕೆ ಬಂದು ನಿಂತಿರುತ್ತದೆ. ಆಮೇಲೆ ದಿನಕ್ಕಿಷ್ಟು ಎಂದು ಹಿಂದೆ ಸರಿಯುತ್ತದೆ. ಈ ವಾರ ದೋಣಿ ಹಚ್ಚಿದ ಜಾಗ ಮುಂದಿನ ವಾರ ಬರೀ ಕೆಸರು. ಆಚೆ ದಂಡೆಯ ಜನಕ್ಕೆ ದೋಣಿ ಇವತ್ತು ಎಲ್ಲಿ ಬಂದು ನಿಲ್ಲುತ್ತದೆ ಎಂದು ಹೇಳುವವರು ಯಾರು? ಹಾಡು ಹೇಳುತ್ತದೆ. ಅದು ಯಾವ ದಿಕ್ಕಿನಿಂದ ಕೇಳುತ್ತದೋ ಆ ದಿಕ್ಕಿಗೆ ಅವರು ನಡೆಯುತ್ತಾರೆ. ಚಳಿಗಾಲದ ಬೆಳಿಗ್ಗೆ ನೀರಿನ ಮೇಲೆ ಮಂಜು ಕೂತಿರುತ್ತದೆ. ಅವರಿಗೆ ನಾವು ಕಾಣುವುದಿಲ್ಲ, ನಮಗೆ ಅವರು ಕಾಣುವುದಿಲ್ಲ. ದೋಣಿ ದಂಡೆಗೆ ತಾಗಿ ಸ್ವಲ್ಪ ಹೊತ್ತಾದ ಮೇಲೆ ತಲೆಯ ಮೇಲಿನ ಬುಟ್ಟಿಗಳು ಮೊದಲು ಕಾಣುತ್ತವೆ. ಅವುಗಳ ಕೆಳಗೆ ಮನುಷ್ಯರು ಆಮೇಲೆ ಕಾಣುತ್ತಾರೆ.

ಈ ಹಾಡಿನ ಏರ್ಪಾಡು ತಮ್ಮನದೇ. ಕೂಡ್ಲಿಗಿಯ ಗುಜರಿಯಲ್ಲಿ ಒಡೆದ ಕಾರೊಂದರಿಂದ ಸ್ಟೀರಿಯೊ ಬಿಚ್ಚಿಸಿಕೊಂಡು ಬಂದ. ಹಡಗಲಿಯಿಂದ ಎರಡು ಸ್ಪೀಕರು ತಂದ. ಅಷ್ಟಕ್ಕೂ ಕರೆಂಟು ಎಂಜಿನ್ನು ಶುರು ಮಾಡುವ ಬ್ಯಾಟರಿಯಿಂದಲೇ. ಮೊದಲ ದಿನ ನನ್ನನ್ನು ಆಚೆ ದಂಡೆಗೆ ಬಿಟ್ಟು ಬಂದು, ಎಷ್ಟು ದೂರ ಕೇಳುತ್ತದೆ ಫೋನಿನಲ್ಲಿ ಹೇಳು ಎಂದ. ಅವನೇ ಕೂಗುತ್ತ ನಿಂತರೆ ತಿರುಪು ತಿರುಗಿಸುವವರು ಯಾರು? ಅದಕ್ಕೆ ತನ್ನ ದನಿಯನ್ನೇ ಫೋನಿನಲ್ಲಿ ತುಂಬಿ, ಪೆನ್‌ಡ್ರೈವಿಗೆ ಹಾಕಿ, ಅದನ್ನೇ ಮತ್ತೆ ಮತ್ತೆ ಹಚ್ಚಿದ. "ಅಣ್ಣಾ... ಕೇಳಸ್ತೈತಾ? ಇಲ್ಲೇ ಅದೀನಿ ನೋಡು." ಇಷ್ಟೇ. ಆಮೇಲೆ ಸಾವಿರಾರು ಹಾಡುಗಳನ್ನು ತುಂಬಿದ. ಈ ಮಾತು ಪಟ್ಟಿಯಲ್ಲಿ ಎಲ್ಲದಕ್ಕಿಂತ ಮೊದಲು ಉಳಿಯಿತು. ಅವನು ಬದುಕಿದ್ದಷ್ಟು ದಿನ ಅದು ಮತ್ತೆ ಒಮ್ಮೆಯೂ ಕೇಳಲಿಲ್ಲ. ನಾನು ಅದನ್ನು ಮರೆತೂಬಿಟ್ಟಿದ್ದೆ.

ಮಳೆಗಾಲದ ಕೊನೆಗೆ ಅವನಿಗೆ ಕಾಮಾಲೆ ಆಯಿತು. ಕಣ್ಣು ಹಳದಿಯಾಗಿದ್ದನ್ನು ನಾವು ತಡವಾಗಿ ನೋಡಿದೆವು. ನಾಟಿ ಔಷಧಿ, ಆಮೇಲೆ ದೊಡ್ಡಾಸ್ಪತ್ರೆ. ಹತ್ತು ದಿನ. ವಯಸ್ಸು ಮೂವತ್ತೂ ಆಗಿರಲಿಲ್ಲ. ದಿನದ ಬೆಳಕೆಲ್ಲ ನೀರಿನ ಮೇಲೆ ಕಳೆದವನು ಆಸ್ಪತ್ರೆಯ ಮಂಚದ ಮೇಲೆ, ಒಣ ತುಟಿಯಲ್ಲಿ ಹೋದ.

ಹನ್ನೊಂದು ದಿನ ದೋಣಿ ಕಟ್ಟಿಹಾಕಿದ್ದೆವು. ಹನ್ನೆರಡನೆಯ ದಿನ ಬೆಳಿಗ್ಗೆ ನೀರಿಗಿಳಿಸಿದೆ. ಈ ದಂಡೆಯಲ್ಲಿ ಎಂಜಿನ್ನನ್ನು ಕೈಯಿಂದ ಹ್ಯಾಂಡಲ್ ಹಾಕಿ ಎಬ್ಬಿಸಬೇಕಾಯಿತು. ಆಚೆ ದಂಡೆಗೆ ಹೋಗಿ, ಮೆಣಸಿನಕಾಯಿ ಹೊಲದ ಕೆಲಸಕ್ಕೆ ಬರುವ ಹೆಂಗಸರನ್ನು ಹತ್ತಿಸಿಕೊಂಡೆ. ಅವರಿಗೆ ನನ್ನ ಮುಖ ನೋಡುವುದು ಕಷ್ಟವಾಗುತ್ತಿತ್ತು, ನನಗೂ ಅವರ ಮುಖ ನೋಡುವುದು ಕಷ್ಟ. ಹಾಡು ಸಣ್ಣಗೆ ನಡೆದಿತ್ತು; ಬರುವಾಗ ಎಂಜಿನ್ನಿನ ಗದ್ದಲದಲ್ಲಿ ಅದು ಯಾವಾಗ ಶುರುವಾಯಿತೋ ನಾನು ಗಮನಿಸಿರಲಿಲ್ಲ. ಅಲ್ಲಿಗೆ ಬ್ಯಾಟರಿಗೆ ಒಂದಿಷ್ಟು ಜೀವ ಬಂದಿರಬಹುದು ಎಂದು ಸ್ವಿಚ್ ತಿರುಗಿಸಿದೆ. ಎಂಜಿನ್ನು ನರಳಿತು. ಹಾಡು ನಿಂತಿತು, ಸ್ಟೀರಿಯೊದ ದೀಪ ಆರಿತು. ಎಂಜಿನ್ನು ಹಿಡಿಯಲಿಲ್ಲ. ನೀರು ದೋಣಿಗೆ ಬಡಿಯುವ ಸದ್ದು ಬಿಟ್ಟರೆ ಏನೂ ಇಲ್ಲ. ಆಮೇಲೆ ದೀಪ ತಾನೇ ಹತ್ತಿತು.

"ಅಣ್ಣಾ... ಕೇಳಸ್ತೈತಾ? ಇಲ್ಲೇ ಅದೀನಿ ನೋಡು."

"ಓ" ಎಂದೆ.

ಅಂದೇಬಿಟ್ಟೆ. ಯೋಚನೆ ಮಾಡಿ ಅಂದಿದ್ದಲ್ಲ.

ನೀರಿನ ಮೇಲೆ ಕೆಲಸ ಮಾಡುವ ನಮ್ಮಲ್ಲಿ ಒಂದು ಕಟ್ಟುಪಾಡು ಇದೆ. ಆಚೆ ದಂಡೆಯಿಂದ ದೋಣಿ ಬೇಕೆಂದು ಕರೆಯುವವರು ಮೂರು ಸಲ ಕೂಗಬೇಕು. ಒಂದು ಕೂಗಿಗೆ ಯಾರೂ ಹಗ್ಗ ಬಿಚ್ಚುವುದಿಲ್ಲ, ಓಗೊಡುವುದಿಲ್ಲ. ಬದುಕಿದವರಿಗೆ ಮೂರು ಸಲ ಕೂಗುವ ಉಸಿರು ಇರುತ್ತದೆ, ಇಲ್ಲದವರಿಗೆ ಒಂದೇ ಎಂದು ಅಪ್ಪ ಹೇಳುತ್ತಿದ್ದ. ಆಚೆ ದಂಡೆಯವರಿಗೂ ಇದು ಗೊತ್ತು. ಮಕ್ಕಳೂ ಮೂರು ಸಲ ಕೂಗುತ್ತವೆ.

ಕೂಲಿ ಹೆಂಗಸರ ಮುಂದಾಳು ಒಬ್ಬಾಕೆ ಇದ್ದಾಳೆ. ನಾವೆಲ್ಲ ಅತ್ತಿ ಎನ್ನುತ್ತೇವೆ. ಬಾಯಿ ಜೋರು. ಅವಳೇ ಮೊದಲು ಮಾತಾಡಿದ್ದು.

"ಯಾಕೋ ಯಪ್ಪಾ, ಓ ಅಂದಿ? ಒಂದಾ ಕೂಗು ಅದು!"

"ರೆಕಾರ್ಡ್ ಅತ್ತಿ ಅದು. ಅವ ತುಂಬಿಟ್ಟಿದ್ದು."

"ರೆಕಾರ್ಡ್ ಅಂತಿ, ಮತ್ಯಾಕ ಓ ಅಂದಿ?"

ನಾನು ಬಗ್ಗಿ ಹ್ಯಾಂಡಲ್ ಹುಡುಕತೊಡಗಿದೆ. ಒಬ್ಬ ಹುಡುಗಿ ಅಳಲು ಶುರು ಮಾಡಿದಳು. "ಅಳಬ್ಯಾಡ ಬಿಡಲೇ, ಅವ ಇದ್ದಾಗ ನಿನ್ನ ತಿರುಗಿ ನೋಡ್ಲಿಲ್ಲ, ಈಗ ಏನ್ ನೋಡ್ತಾನ" ಎಂದು ಅತ್ತಿ ಗದರಿದಳು. ಒಬ್ಬಿಬ್ಬರು ನಕ್ಕರು. ನಕ್ಕವರೂ ಸ್ಪೀಕರಿನ ಹತ್ತಿರದ ಹಲಗೆ ಬಿಟ್ಟು ಈಚೆ ಸರಿದು ಕೂತರು.

ಆವತ್ತಿನಿಂದ ಅದು ನಡೆಯಿತು. ಎಂಜಿನ್ನಿನ ಸ್ವಿಚ್ ತಿರುಗಿಸಿದಾಗಲೆಲ್ಲ ಹಾಡು ಸಾಯುತ್ತಿತ್ತು, ದೀಪ ಆರುತ್ತಿತ್ತು, ಆಮೇಲೆ ಅವನು ಕರೆಯುತ್ತಿದ್ದ. ದಿನಕ್ಕೆ ಹತ್ತು ಹನ್ನೆರಡು ಸಲ. ಎಂಜಿನ್ನು ಒಂದೇ ಸಲಕ್ಕೆ ಹಿಡಿದ ದಿನ ಸದ್ದಿನ ನಡುವೆ "ಇಲ್ಲೇ ಅದೀನಿ" ಎನ್ನುವುದಷ್ಟೇ ಕೇಳುತ್ತಿತ್ತು. ನಾನು ಮತ್ತೆ ಬಾಯಿಬಿಟ್ಟು ಓ ಅನ್ನಲಿಲ್ಲ. ಗಂಟಲೊಳಗೆ ಅಂದೆನೋ ಇಲ್ಲವೋ ಹೇಳಲಾರೆ.

ಪೆನ್‌ಡ್ರೈವಿನಿಂದ ಅದನ್ನು ಅಳಿಸಿಬಿಟ್ಟರೆ ಮುಗಿಯುತ್ತಿತ್ತು. ಒಂದು ನಿಮಿಷದ ಕೆಲಸ. ಒಂದು ದಿನ ಮನೆಗೆ ತಂದು, ನನ್ನ ಫೋನಿಗೆ ಅದರ ಪ್ರತಿ ತೆಗೆದು, ಕೋಣೆಯಲ್ಲಿ ಕೂತು ಕೇಳಿದೆ. ಕೇಳಿದ್ದು ಒಂದು ದನಿ, ಹಿಂದೆ ಗಾಳಿಯ ಸದ್ದು. ಅಷ್ಟೇ. ನಾನೇ ಒತ್ತಿದಾಗ ಅದು ರೆಕಾರ್ಡು. ದೋಣಿಯಲ್ಲಿ ಅದನ್ನು ಯಾರೂ ಒತ್ತುತ್ತಿರಲಿಲ್ಲ. ಅಲ್ಲಿ ಅವನಾಗಿಯೇ ಕರೆಯುತ್ತಿದ್ದ. ಪೆನ್‌ಡ್ರೈವನ್ನು ಮರುದಿನ ಇದ್ದ ಹಾಗೆಯೇ ವಾಪಸ್ಸು ಚುಚ್ಚಿದೆ.

ಸುದ್ದಿ ಅವ್ವನಿಗೆ ಹೋಯಿತು. ಅವ್ವ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ತಲೆ ಎತ್ತದೆ ಕೇಳಿದಳು.

"ನೀ ಓ ಅಂದಿ ಅಂತಲ್ಲ?"

"ಬಾಯಿಗೆ ಬಂತವ್ವ."

"ಅದನ್ನ ಬಂದ್ ಮಾಡು. ಒಬ್ಬ ಹೋಗ್ಯಾನ. ನಿನ್ನೂ ಕರಕೊಂಡು ಹೋದ್ರ ನಾ ಯಾರ ಮುಖ ನೋಡ್ಲಿ?"

"ಅದು ಮಿಷನ್ನವ್ವ."

"ಮಿಷನ್ನಾದ್ರ ಬಂದ್ ಮಾಡಾಕ ನಿನಗೇನ್ ಕಷ್ಟ?"

ಆಯ್ತು ಎಂದೆ. ಮಾಡಲಿಲ್ಲ.

ಮಾಡಲೇಬೇಕಾದ ದಿನ ಬಂದದ್ದು ಮಂಜಿನ ತಿಂಗಳಲ್ಲಿ. ಅಷ್ಟು ಹೊತ್ತಿಗೆ ಹಾಡಿನ ದನಿ ತೀರ ಬಿದ್ದುಹೋಗಿತ್ತು. ಜೋರು ಮಾಡಿದರೆ ಒಡೆಯುತ್ತಿತ್ತು, ಸಣ್ಣ ಮಾಡಿದರೆ ಎಂಜಿನ್ನಿನಲ್ಲಿ ಮುಳುಗುತ್ತಿತ್ತು. ಆವತ್ತು ಆಚೆ ದಂಡೆ ತಾಗಿ ಕಾದೆ. ಯಾರೂ ಬರಲಿಲ್ಲ. ಮಂಜಿನೊಳಗೆ ಮಾತು ಕೇಳುತ್ತಿತ್ತು, ಆದರೆ ನನ್ನ ಕಡೆ ಬರುವುದರ ಬದಲು ದೂರ ಹೋಗುತ್ತಿತ್ತು. ಅಲ್ಲಿ ಆಚೆಯವರ ಮುಳುಗಿದ ಹಳೇ ಊರಿನ ಗುಡಿಗೋಡೆ ನೀರಿನಿಂದ ಎದ್ದಿತ್ತು. ನನ್ನ ಒಡಕು ಹಾಡು ಆ ಗೋಡೆಗೆ ಬಡಿದು ಆ ಕಡೆಯಿಂದ ಬರುತ್ತಿತ್ತು. ಹೆಂಗಸರು ಅದರ ಬೆನ್ನು ಹತ್ತಿ ಹೋಗಿದ್ದರು. ನಾನು ಹಾಡು ನಿಲ್ಲಿಸಿ ಕೂಗಿದೆ. ಮೂರು ಸಲ ಕೂಗಿದೆ. ಆಮೇಲೆ ಒಬ್ಬಳ ಕಿರುಚಾಟ ಕೇಳಿತು.

ಅತ್ತಿ ಸೊಂಟದವರೆಗೆ ಕೆಸರಿನಲ್ಲಿ ಇಳಿದಿದ್ದಳು. ಮೇಲೆ ನೋಡಿದರೆ ಗಟ್ಟಿ ನೆಲ, ಕೆಳಗೆ ಹಿನ್ನೀರು ಬಿಟ್ಟುಹೋದ ರಾಡಿ. ಮೂರು ಸೀರೆ ಕಟ್ಟಿ ಎಳೆದು ತೆಗೆದೆವು. ದೋಣಿಗೆ ತಂದು ಕೂರಿಸಿದಾಗ ಅವಳ ಹಲ್ಲು ಕಟಕಟ ಅನ್ನುತ್ತಿದ್ದವು. ಆದರೂ ಬಾಯಿ ಸುಮ್ಮನಾಗಲಿಲ್ಲ.

"ನಿನ್ನ ತಮ್ಮಗ ಹೇಳು, ನನ್ನ ಇಷ್ಟು ಲಗೂ ಕರೀಬ್ಯಾಡ ಅಂತ. ಮೊಮ್ಮಗಳ ಮದುವಿ ಐತಿ."

ಎಲ್ಲರೂ ನಕ್ಕರು. ನನಗೆ ನಗಲಾಗಲಿಲ್ಲ. ಸಂಜೆ ದೋಣಿ ಕಟ್ಟಿ, ಮರುದಿನ ಬಸ್ಸು ಹತ್ತಿದೆ.

ಹಗರಿಬೊಮ್ಮನಹಳ್ಳಿಯ ಅಂಗಡಿಯಲ್ಲಿ ಹೊಳೆಯುವ ಡಬ್ಬ ತೋರಿಸಿದರು. ಐದು ಸಾವಿರ ವ್ಯಾಟ್ ಎಂದು ಬರೆದಿತ್ತು. ದೋಣಿಗೆ ಎಂದಾಗ, ದೋಣಿಯ ಸಂಗತಿ ನಮಗೆ ಗೊತ್ತಿಲ್ಲ, ಹರಪನಹಳ್ಳಿಯಲ್ಲಿ ಹಳೇ ಮೈಕ್ ಸೆಟ್ಟಿನವರೊಬ್ಬರು ಇದ್ದಾರೆ, ಅವರನ್ನು ಕೇಳ್ರಿ ಎಂದರು. ಅಲ್ಲಿಗೆ ಹೋದೆ. ಅಂಗಡಿ ಎಂದರೆ ಒಂದು ಸಣ್ಣ ಖೋಲಿ, ಗೋಡೆ ತುಂಬ ಬಿಚ್ಚಿಟ್ಟ ಸ್ಪೀಕರುಗಳು. ಕನ್ನಡಕದ ಮುದುಕ ಬೆಸುಗೆ ಹಾಕುತ್ತಿದ್ದ.

"ದೋಣಿಗಾ? ದೋಣ್ಯಾಗೆ ಹಾಡು ಕೇಳೋರು ಗೋವಾದಾಗಿರ್ತಾರೆ ಅಂದ್ಕಂಡಿದ್ದೆ. ಕುತ್ಕಳ್ರಿ."

ಜನ ದಂಡೆ ಹುಡುಕುವುದು ಹಾಡಿನಿಂದ ಎಂದು ವಿವರಿಸಿದೆ. ಬೆಸುಗೆ ಕೆಳಗಿಟ್ಟು ಕೇಳಿದ. ಆಮೇಲೆ ಒಂದೊಂದೇ ಹೇಳಿದ. ಡಬ್ಬದ ಮೇಲೆ ಬರೆದದ್ದನ್ನು ಓದಬಾರದಂತೆ, ಆಂಪ್ಲಿಯ ಬೆನ್ನಿಗಿರುವ ಫ್ಯೂಸು ನೋಡಬೇಕಂತೆ. "ಮೂವತ್ತು ಆಂಪಿಯರ್ ಫ್ಯೂಸಿಗೆ ಐದ್ ಸಾವ್ರ ವ್ಯಾಟ್ ಎಲ್ಲಿಂದ ಬರ್ತತಿ? ಬ್ಯಾಟ್ರಿ ಹನ್ನೆರಡು ವೋಲ್ಟು, ಗುಣಿಸಿ ನೋಡ್ರಿ. ನಾನೂರು ದಾಟಲ್ಲ." ಕರೆಂಟು ಕಡಿಮೆ ತಿಂದು, ಬಿಸಿಯಾಗದೆ, ಮಾತು ಸ್ಪಷ್ಟ ಕೊಡುವ ಸಣ್ಣ ಆಂಪ್ಲಿ ಸಾಕು. ಎಂಜಿನ್ನಿನ ಪೆಟ್ಟಿಗೆಯಲ್ಲಿ ಇಡಬೇಡಿ, ನೀರು ಸಿಡಿಯದ ಕಡೆ ಹಲಗೆಯ ಕೆಳಗೆ ನೆಟ್ಟಗೆ ಕೂರಿಸಿ. ಸ್ಪೀಕರು ಕಾಗದದ್ದು ಬೇಡ, ತೇವಕ್ಕೆ ಊದಿಕೊಳ್ಳುತ್ತದೆ. ಹೇಳಿ ಮುಗಿಸಿ, ನನ್ನನ್ನೇ ನೋಡುತ್ತ ಕೇಳಿದ.

"ಎಂಜಿನ್ ಶುರು ಮಾಡ್ದಾಗ ಆಫ್ ಆಗಿ ಆನ್ ಆಗ್ತತಾ?"

"ಹ್ಞೂರಿ."

"ಪ್ರತಿ ಸಲಾನೂ ಮೊದ್ಲಿಂದ ಶುರು ಮಾಡ್ತತಿ. ಮೊದ್ಲನೇದ್ ಏನಿರ್ತತೋ ಅದೇ ಬರ್ತತಿ. ಹೌದಿಲ್ಲ?"

ಅಷ್ಟು ದೂರದ ಊರಿನಲ್ಲಿ, ನಮ್ಮ ನೀರನ್ನು ಕಂಡಿಲ್ಲದ ಮನುಷ್ಯ ಹೀಗೆ ಹೇಳಿದ. ಆಮೇಲೆ ಕಾರಣವನ್ನೂ ಹೇಳಿದ. ಸ್ಟೀರಿಯೊಗೆ ಒಂದು ಹಳದಿ ವೈರು ಇರುತ್ತದೆ. ಎಲ್ಲಿಗೆ ನಿಲ್ಲಿಸಿದ್ದೆ ಎಂಬುದನ್ನು ನೆನಪಿಡಲು ಅದಕ್ಕೆ ಕರೆಂಟು ಹರಿಯುತ್ತಲೇ ಇರಬೇಕು. ಬ್ಯಾಟರಿ ಸೋತಿದ್ದರೆ ಎಂಜಿನ್ನು ಒಂದೇ ಗುಟುಕಿಗೆ ಎಲ್ಲವನ್ನೂ ಎಳೆದುಕೊಳ್ಳುತ್ತದೆ. ಹಳದಿ ವೈರು ಬರಿದಾಗುತ್ತದೆ. ಮಿಷನ್ನು ಎಲ್ಲ ಮರೆತು, ಹುಟ್ಟಿದ ದಿನದಿಂದ ಶುರು ಮಾಡುತ್ತದೆ.

"ಮೊದಲು ಹಿಂಗ ಆಗ್ತಿರಲಿಲ್ರಿ."

"ನಡುವೆ ಬ್ಯಾಟ್ರಿ ಸುಮ್ನೆ ಬಿಟ್ಟಿದ್ರಾ? ವೈರು ಬಿಚ್ಚದೇ?"

ಹನ್ನೊಂದು ದಿನ ಎಂದೆ. ತಲೆ ಆಡಿಸಿದ. ಹಳೇ ಬ್ಯಾಟರಿ ಹಾಗೆ ಪೂರ್ತಿ ಬರಿದಾಗಿ ಕೂತರೆ ಮತ್ತೆ ಮೊದಲಿನಂತೆ ಆಗುವುದಿಲ್ಲವಂತೆ. ತಮ್ಮನ ಸೂತಕ ಹಿಡಿದು ನಾವು ಮನೆಯಲ್ಲಿ ಕೂತ ಹನ್ನೊಂದು ದಿನಗಳೇ ಅವನ ದನಿಯನ್ನು ಎಬ್ಬಿಸಿದ್ದವು.

"ಎರಡು ಬ್ಯಾಟ್ರಿ ಇಡ್ರಿ" ಎಂದ. "ಒಂದು ಎಂಜಿನ್ನಿಗೆ, ಒಂದು ಹಾಡಿಗೆ. ಒಂದ್ರ ತಂಟಿಗೆ ಇನ್ನೊಂದು ಹೋಗಬಾರ್ದು. ನಡುವೆ ಒಂದು ಸಣ್ಣ ಸ್ವಿಚ್ ಕೊಡ್ತೀನಿ. ಎಂಜಿನ್ ಓಡುವಾಗ ಎರಡೂ ತುಂಬ್ಕಂತಾವೆ, ನಿಂತಾಗ ಬೇರೆ ಬೇರೆ."

"ಒಂದಾ ಬ್ಯಾಟ್ರಿ ಇಟ್ಟು, ಆಂಪ್ಲಿ ಅಷ್ಟ ಬದಲಿಸಿದ್ರ?"

"ಒಂದ್ ವಾರ. ಆಮೇಲೆ ಹಾಡೂ ಇಲ್ಲ, ಎಂಜಿನ್ನೂ ಇಲ್ಲ. ಜನರನ್ನ ತುಂಬ್ಕಂಡು ನಡು ನೀರಾಗೆ ನಿಲ್ತೀರಿ."

ನಾನು ಕೇಳಬಾರದ್ದನ್ನು ಕೇಳಿದೆ. ಎರಡು ಬ್ಯಾಟರಿ ಹಾಕಿಯೂ, ಎಂಜಿನ್ನು ಶುರುವಾದಾಗ ಅದು ಆರಿ ಹತ್ತುವ ಹಾಗೆ ಉಳಿಸಲು ಬರುತ್ತದೆಯೇ ಎಂದು. ಅವನು ಕನ್ನಡಕ ತೆಗೆದ.

"ಅದನ್ನ ಬಿಡಿಸ್ಕಳಾಕೆ ಜನ ಬರ್ತಾರೆ. ನೀವು ಉಳಿಸ್ಕಳಾಕೆ ಬಂದೀರಾ?"

ಎದ್ದು ಹೊರಗೆ ಬಂದೆ. ಎದುರಿಗಿದ್ದ ಹೋಟೆಲಿನಲ್ಲಿ ಚಹಾ ತೆಗೆದುಕೊಂಡು, ಅದು ಆರುವವರೆಗೆ ಕೂತೆ. ಬೇಕೆಂದೇ ಆರಿಸಿ ಹತ್ತಿಸಿದರೆ ಅದೂ ನಾನೇ ಒತ್ತಿದ ಹಾಗೆ. ತಮ್ಮ ಕರೆದಂತೆ ಆಗುವುದಿಲ್ಲ. ಹಾಗೇ ಬಿಟ್ಟರೆ ಕೆಸರಿನಲ್ಲಿ ಇಳಿದ ಮೈಗಳು. ಇದರ ನಡುವೆ ಮೂರನೆಯ ದಾರಿ ಇದೆಯೇ ಎಂದು ಹುಡುಕಿದೆ. ಇರಲಿಲ್ಲ. ವಾಪಸ್ಸು ಹೋಗಿ, ಮುದುಕ ಹೇಳಿದ ಆಂಪ್ಲಿಯನ್ನೂ ಆ ಸ್ವಿಚ್ಚನ್ನೂ ದಪ್ಪ ವೈರನ್ನೂ ತೆಗೆದುಕೊಂಡೆ.

ಬ್ಯಾಟರಿ ಕೊಂಡದ್ದು ಕೊಟ್ಟೂರಿನಲ್ಲಿ. ಎಂಜಿನ್ನಿಗೆ ಈಗಿರುವ ಹಳೇ ಟ್ರ್ಯಾಕ್ಟರ್ ಬ್ಯಾಟರಿಯೇ ಸಾಕು, ಹಾಡಿನ ಹೊರೆ ಇಳಿದರೆ ನಡೆಯುತ್ತದೆ ಎಂದರು. ಅದು ಒಮ್ಮೆ ಜೋರಾಗಿ ಗುದ್ದು ಕೊಟ್ಟು ಸುಮ್ಮನಾಗುವ ಜಾತಿ. ಹಾಡಿಗೆ ಇಡೀ ದಿನ ಸಣ್ಣಗೆ ಕೊಡುವಂಥದ್ದು ಬೇಕು. ಮನೆಯ ಇನ್ವರ್ಟರಿನ ಎತ್ತರದ ಬ್ಯಾಟರಿ ತೋರಿಸಿದರು. ದೋಣಿ ವಾಲಿದರೆ ಆಸಿಡ್ಡು ಚೆಲ್ಲುತ್ತದೆ ಎಂದು ಅವರೇ ಬೇಡವೆಂದರು. ಕೊನೆಗೆ ಸೋಲಾರ್ ದೀಪಕ್ಕೆ ಹಾಕುವ, ಬಾಯಿ ಮುಚ್ಚಿದ, ನೀರು ಹಾಕದ ಬ್ಯಾಟರಿ ತಂದೆ. ಬಸ್ಸಿನಲ್ಲಿ ಅದು ಕಾಲ ಬುಡದಲ್ಲಿ ಕೂತಿತ್ತು. ಪಕ್ಕದವರು "ಮನಿಗೇನ್ರಿ?" ಎಂದರು. ಹೌದೆಂದೆ.

ಮರುದಿನ ಬೆಳಕು ಹರಿಯುವ ಹೊತ್ತಿಗೆ ದೋಣಿಯ ಹಲಗೆ ಬಿಚ್ಚಿದೆ. ತಮ್ಮನ ಕೆಲಸವನ್ನು ನಾನು ಅಲ್ಲಿಯವರೆಗೆ ಒಳಗಿನಿಂದ ನೋಡಿರಲಿಲ್ಲ. ಎಲ್ಲ ಗಂಟುಗಳಿಗೂ ನೀಲಿ ಟೇಪು ಸುತ್ತಿದ್ದ, ಒಂದರ ತುದಿಯೂ ಎದ್ದಿರಲಿಲ್ಲ. ಹಳದಿ ವೈರನ್ನು ಕೆಂಪಿನ ಜೊತೆ ಸೇರಿಸಿ ಒಂದೇ ಗಂಟು ಹಾಕಿದ್ದ. ಟೇಪು ಬಿಚ್ಚಿದೆ. ವೈರಿನ ಸಿಪ್ಪೆಯ ಮೇಲೆ ಸಣ್ಣ ತಗ್ಗುಗಳಿದ್ದವು. ಅವನು ವೈರನ್ನು ಹಲ್ಲಿನಿಂದ ಸುಲಿಯುತ್ತಿದ್ದ, ಎಷ್ಟು ಬೈದರೂ ಕೇಳುತ್ತಿರಲಿಲ್ಲ. ಮೇಲೆ ಎರಡು ಹಲ್ಲು, ಕೆಳಗೆ ಎರಡು. ಬೆರಳು ಆಡಿಸಿದರೆ ತಿಳಿಯುತ್ತಿತ್ತು. ಮಣ್ಣಿಗೆ ಹೋದ ಮೈಯ ಗುರುತು ಇಲ್ಲಿ ಹಾಗೇ ಇತ್ತು. ಆ ಗುರುತಿನ ಈಚೆಗೇ ಕತ್ತರಿಸಬೇಕಾಗಿತ್ತು. ಕತ್ತರಿಸಿದೆ. ಹಳದಿಯನ್ನೂ ಕೆಂಪನ್ನೂ ಹೊಸ ಬ್ಯಾಟರಿಗೆ ಕೊಟ್ಟೆ.

ಪಟ್ಟಿಯ ಮೊದಲಿಗಿದ್ದ ಅವನ ಮಾತನ್ನು ದಾಟಿಸಿ ಹಾಡು ಹಚ್ಚಿದಾಗ ನಾನೇ ಬೆಚ್ಚಿಬಿದ್ದೆ. ಅಷ್ಟು ಸ್ವಚ್ಛವಾಗಿ, ಅಷ್ಟು ದೂರಕ್ಕೆ ಅದು ಹಿಂದೆಂದೂ ಹೋಗಿರಲಿಲ್ಲ. ದಿಬ್ಬದ ಮೇಲಿನಿಂದ ಜನ ಇಳಿದು ಬಂದರು. ಆ ದಿನದ ಮೊದಲ ಸರದಿಗೆ ಆಚೆ ಹೋಗುವವರು ಕೆಲವರಿದ್ದರು. ಅವರ ಹಿಂದೆ ಅವ್ವ ಬರುತ್ತಿದ್ದಳು.

ತಮ್ಮ ಹೋದ ಮೇಲೆ ಅವ್ವ ದಂಡೆಗೆ ಕಾಲಿಟ್ಟಿರಲಿಲ್ಲ. ಆವತ್ತು ಸ್ನಾನ ಮಾಡಿ, ಹಣೆಗೆ ವಿಭೂತಿ ಹಚ್ಚಿ, ಒಗೆದ ಸೀರೆ ಉಟ್ಟಿದ್ದಳು. ನನ್ನ ಕೈ ಹಿಡಿದು ದೋಣಿ ಹತ್ತಿದಳು. ಯಾರೂ ಕೂರದ ಜಾಗ, ಸ್ಪೀಕರಿನ ಪಕ್ಕದ ಹಲಗೆಯ ಮೇಲೆ ಕೂತಳು.

"ಎಲ್ಲಿಗವ್ವ?"

"ಎಲ್ಲಿಗೂ ಇಲ್ಲ. ಒಮ್ಮಿ ಕೇಳಿ ಹೋಗ್ತೀನಿ. ಬಂದ್ ಮಾಡು ಅಂದೆ ಖರೆ. ರಾತ್ರೆಲ್ಲ ಯೋಚ್ನಿ ಮಾಡಿದೆ. ಮಂದಿಯೆಲ್ಲ ಕೇಳ್ಯಾರ, ಹಡದಾಕಿ ನಾ ಕೇಳಿಲ್ಲ."

ಹೇಳಬೇಕಾಗಿತ್ತು, ಆಗಲೇ ಹೇಳಬೇಕಾಗಿತ್ತು. ಹತ್ತಿದವರೆಲ್ಲ ನನ್ನ ಕೈ ನೋಡುತ್ತಿದ್ದರು. ಸ್ವಿಚ್ ತಿರುಗಿಸಿದೆ. ಎಂಜಿನ್ನು ಒಂದೇ ಗುದ್ದಿಗೆ ಹಿಡಿಯಿತು. ಹಾಡು ಎಲ್ಲೂ ತಡೆಯದೆ ನಡೆದೇ ಇತ್ತು, ದೀಪ ಆರಲಿಲ್ಲ. ಅವ್ವ ಕಿವಿಯನ್ನು ಸ್ಪೀಕರಿನ ಹತ್ತಿರ ತಂದಳು. ಅವನ ಮಾತು ಹಿಡಿಯುವಷ್ಟು ಹೊತ್ತು ಕಳೆಯಿತು. ಇನ್ನೊಮ್ಮೆ ಅಷ್ಟೇ ಹೊತ್ತು ಕಳೆಯಿತು.

"ಯಾಕ ಕರೀಲಿಲ್ಲ?" ಎಂದಳು.

ಎಂಜಿನ್ನು ನಿಲ್ಲಿಸಿದೆ, ಹಾಡನ್ನೂ ನಿಲ್ಲಿಸಿದೆ. ಬೇಕಾದರೆ ಈಗ ಹಚ್ಚುತ್ತೇನೆ ಎಂದು ಸ್ಟೀರಿಯೊದ ಕಡೆ ಕೈ ಚಾಚಿದೆ. ಅವ್ವ ನನ್ನ ಕೈ ಹಿಡಿದಳು.

"ನೀ ಒತ್ತಬ್ಯಾಡ. ಒತ್ತಿದ್ರ ನೀ ಕರದಂಗ ಆಕ್ಕೈತಿ."

ಆಗ ಎಲ್ಲವನ್ನೂ ಹೇಳಿದೆ. ಸೋತ ಬ್ಯಾಟರಿ, ಹಳದಿ ವೈರು, ಹನ್ನೊಂದು ದಿನ, ಎರಡನೆಯ ಬ್ಯಾಟರಿ. ಅವ್ವ ಪೂರ್ತಿ ಕೇಳಿದಳು. ಹಲಗೆಯ ಕೆಳಗೆ ಬಗ್ಗಿ ಎರಡನ್ನೂ ನೋಡಿದಳು. ಹೊಸದರ ಮೇಲೆ ಅಂಗೈ ಇಟ್ಟು ತೆಗೆದಳು.

"ಹಂಗಾದ್ರ ಇಷ್ಟು ದಿನ ಕರದದ್ದು ಬ್ಯಾಟ್ರಿ ಏನು?"

ಎಲ್ಲರೂ ನನ್ನ ಕಡೆ ನೋಡಿದರು. ಅಲ್ಲ ಎಂದಿದ್ದರೆ ನಂಬುತ್ತಿದ್ದಳು. ನನಗೂ ಅಲ್ಲ ಎನ್ನುವುದೇ ಬೇಕಾಗಿತ್ತು. ಆದರೆ ದಿನಕ್ಕೆ ಹತ್ತು ಸಲ ದಾಟುವ ಈ ನೀರಿನ ಮೇಲೆ, ಒಬ್ಬ ಮಗನಿಗಾಗಿ ಕಿವಿ ಕೊಟ್ಟು ಅವಳು ಉಳಿದ ದಿನಗಳನ್ನೆಲ್ಲ ಕೂರುವುದು ಕಣ್ಣಿಗೆ ಕಂಡಿತು.

"ಹೌದವ್ವ" ಎಂದೆ. "ಬ್ಯಾಟ್ರಿ."

ಅವ್ವ ಅಳಲಿಲ್ಲ. ಹಿನ್ನೀರಿನ ಕಡೆ ಮುಖ ಮಾಡಿ, ಯಾರಿಗೋ ಸುದ್ದಿ ಮುಟ್ಟಿಸುವ ಹಾಗೆ ಹೇಳಿದಳು.

"ಹಂಗಾದ್ರ ಅವ ಹೋಗ್ಯಾನ."

ಆಸ್ಪತ್ರೆಯಲ್ಲಿ ಡಾಕ್ಟರು ಹೇಳಿದ್ದರು, ಊರವರು ಹೇಳಿದ್ದರು, ಮಣ್ಣು ಹಾಕುವಾಗ ಅಯ್ಯನವರು ಹೇಳಿದ್ದರು. ಅವ್ವನೂ ಒಲೆಯ ಮುಂದೆ ಕೂತು ಅಂದಿದ್ದಳು. ಆದರೆ ಅದನ್ನು ತಿಳಿದು ಹೇಳಿದ್ದು ಈಗಲೇ ಎಂದು ಅವಳ ಮುಖ ನೋಡಿ ಗೊತ್ತಾಯಿತು. ಅವನು ಹೋದ ಮಾತನ್ನು ನಾನೂ ನಿಜವಾಗಿ ಕೇಳಿಸಿಕೊಂಡದ್ದು ಆವತ್ತೇ ಮೊದಲು.

ಇಳಿಯುತ್ತಾಳೆಂದು ಕೈ ಕೊಟ್ಟೆ. ಇಳಿಯಲಿಲ್ಲ. ಸೆರಗನ್ನು ತಲೆಯ ಮೇಲೆ ಎಳೆದುಕೊಂಡಳು.

"ದೋಣಿ ಬಿಡು. ಆಚೀಕ ಮಂದಿ ಕಾಯಾಕತ್ತಿರ್ತಾರ."